ಉಗುಳಿದ ಮೇಲಿನ ಆ ಹನ್ನೊಂದು ಸೆಕೆಂಡು

ಅಮೆರಿಕದ ನ್ಯೂಜೆರ್ಸಿಯ ಒಂದು ಹವ್ಯಾಸಿ ನಾಟಕ ತಂಡದಲ್ಲಿ ನಾನು ಸ್ಟೇಜ್ ಮ್ಯಾನೇಜರ್. 90 ಸೀಟಿನ ಸಣ್ಣ ಹಾಲ್ ನಮ್ಮದು. ಶೋ ಮುಗಿದ ಮೇಲೆ ರಿಪೋರ್ಟ್ ಬರೆಯೋದು ನನ್ನ ಕೆಲಸ: ಎಷ್ಟು ನಿಮಿಷ ನಡೆಯಿತು, ಯಾವ ಲೈಟ್ ತಪ್ಪಿತು, ಜನ ಎಲ್ಲಿ ನಕ್ಕರು. ದಕ್ಷಿಣ ಆಫ್ರಿಕಾದ ನಾಟಕಕಾರ ಆಥಲ್ ಫ್ಯೂಗಾರ್ಡ್ ಅವರ 'ಮಾಸ್ಟರ್ ಹ್ಯಾರಲ್ಡ್ ಅಂಡ್ ದ ಬಾಯ್ಸ್' ನಾಟಕ ಆಡಿದಾಗ ಬರೆದಷ್ಟು ಉದ್ದದ ರಿಪೋರ್ಟ್ ನಾನು ಯಾವತ್ತೂ ಬರೆದಿಲ್ಲ.

ಕಥೆ 1950ರದ್ದು. ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್, ಮಳೆ ಸುರಿಯುವ ಮಧ್ಯಾಹ್ನ, ಗಿರಾಕಿಗಳಿಲ್ಲದ ಟೀ ಅಂಗಡಿ. ಹ್ಯಾಲಿ ಅಂಗಡಿ ನಡೆಸುವಾಕೆಯ ಮಗ, 17 ವರ್ಷದ ಬಿಳಿ ಹುಡುಗ. ಸ್ಯಾಮ್, ವಿಲ್ಲಿ ಅಲ್ಲಿನ ಕಪ್ಪು ಕೆಲಸಗಾರರು. ಚಿಕ್ಕಂದಿನಲ್ಲಿ ಹ್ಯಾಲಿಗೆ ಗಾಳಿಪಟ ಮಾಡಿಕೊಟ್ಟವನು ಸ್ಯಾಮ್. ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಹುಡುಗ ಕೊನೆಗೆ ಅದೇ ಸ್ಯಾಮ್ ಮೇಲೆ ತೀರಿಸಿಕೊಳ್ಳುತ್ತಾನೆ, ಕಪ್ಪು ಜನರನ್ನು ಹೀಯಾಳಿಸುವ ಜೋಕ್ ಹೇಳುತ್ತಾನೆ, ಮುಖಕ್ಕೆ ಉಗುಳುತ್ತಾನೆ. ಫ್ಯೂಗಾರ್ಡ್ ಹುಡುಗನಾಗಿದ್ದಾಗ ತಾವೇ ಹೀಗೆ ಉಗುಳಿದ್ದರು. ನಾಟಕ ಮೊದಲು ರಂಗಕ್ಕೆ ಬಂದಿದ್ದು 1982ರಲ್ಲಿ, ಇಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ.

ಮೊದಲ ಗಂಟೆ ಜನ ಚೆನ್ನಾಗಿ ನಗುತ್ತಾರೆ. ಹ್ಯಾಲಿ ಚುರುಕು, ಮಾತುಗಾರ. ಆ ಅಭ್ಯಾಸದಲ್ಲೇ ಮೊದಲ ದಿನ ಆ ಕೆಟ್ಟ ಜೋಕಿಗೂ ಮೂರ್ನಾಲ್ಕು ಜನ ನಕ್ಕುಬಿಟ್ಟರು. ನಗು ಅರ್ಧಕ್ಕೇ ನಿಂತುಹೋಯಿತು. ನಿರ್ದೇಶಕರಿಗೆ ಕಸಿವಿಸಿಯಾಗಿ, ಆ ಮಾತನ್ನು ಬೇಗ ಹೇಳಿಸಿ ನಗುವುದಕ್ಕೆ ಜಾಗವೇ ಇಲ್ಲದ ಹಾಗೆ ಮಾಡೋಣ ಅಂದರು. ಬೇಡ ಅಂತ ನಾನು ಹಟ ಹಿಡಿದೆ. ನಕ್ಕವರು ತಾವು ನಕ್ಕಿದ್ದನ್ನು ತಾವೇ ಕೇಳಿಸಿಕೊಳ್ಳಬೇಕು, ಅಲ್ವಾ? ಹಾಗೇ ಉಳಿಸಿದೆವು.

ಉಗುಳಿದ ಮೇಲೆ ಸ್ಯಾಮ್ ಮುಖ ಒರೆಸಿಕೊಳ್ಳುತ್ತಾನೆ. ಆ ಬಿಳಿ ಕರ್ಚೀಫ್ ಒಗೆದು, ಇಸ್ತ್ರಿ ಮಾಡಿ, ಅವನ ಜೇಬಿನಲ್ಲಿ ಇಡುತ್ತಿದ್ದವಳು ನಾನು. ಗಡಿಯಾರ ನೋಡಿ ಎಣಿಸಿದ್ದೇನೆ: ಹನ್ನೊಂದು ಸೆಕೆಂಡು ಹಾಲ್‌ನಲ್ಲಿ ಒಂದು ಕೆಮ್ಮೂ ಇಲ್ಲ.

ಮೊದಲ ದಿನ ನಾವು ತಪ್ಪು ಮಾಡಿದೆವು. ಪರದೆ ಬಿದ್ದ ಕೂಡಲೇ ಕುರ್ಚಿ ಹಾಕಿ ಚರ್ಚೆ ಶುರು ಮಾಡಿಬಿಟ್ಟೆವು. ಇಪ್ಪತ್ತು ನಿಮಿಷ ಬರೀ ಹ್ಯಾಲಿಯದ್ದೇ ಮಾತು. ಪಾಪ, ಅವನ ಅಪ್ಪ ಕುಡುಕ, ಅವನಿಗೆ ಎಷ್ಟು ನೋವಿರಬೇಕು ಅಂತ. ಮೂರನೇ ಸಾಲಿನಲ್ಲಿದ್ದ ವಯಸ್ಸಾದ ಕಪ್ಪು ಹೆಂಗಸೊಬ್ಬರು ಎದ್ದು, "ಸ್ಯಾಮ್ ಮನೆಗೆ ಹೋಗಿ ಏನು ಮಾಡಿದ ಅಂತ ಒಬ್ಬರೂ ಕೇಳಲಿಲ್ಲ" ಅಂದು ಹೊರಟೇಹೋದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ದಿನದಿಂದ ಕಾಲು ಗಂಟೆ ಟೀ ಕೊಟ್ಟು ಜನರನ್ನು ಸುಮ್ನೆ ಬಿಟ್ಟೆವು. ಆಮೇಲೆ ಒಂದೇ ಪ್ರಶ್ನೆ: ಉಗುಳಿದಾಗ ನೀವು ಯಾರ ಮುಖ ನೋಡಿದಿರಿ? ಹೆಚ್ಚಿನವರು ಹ್ಯಾಲಿಯ ಮುಖ ನೋಡಿದ್ದರು. ಅದನ್ನು ಬಾಯಿಬಿಟ್ಟು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಒಬ್ಬ ಹುಡುಗಿ ಮಾತ್ರ ಪಕ್ಕದಲ್ಲಿ ಏನೂ ಮಾಡಲಾಗದೆ ನಿಂತಿದ್ದ ವಿಲ್ಲಿಯನ್ನೇ ನೋಡುತ್ತಿದ್ದೆ ಅಂದಳು. ಹ್ಯಾಲಿ ಪಾತ್ರದ ಹುಡುಗನ ಹತ್ತಿರ ಹೊರಗೆ ಯಾರೂ ಮಾತಾಡುತ್ತಿರಲಿಲ್ಲ. ಆಗ ಸ್ಯಾಮ್ ಪಾತ್ರದವರು ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ಬಾಗಿಲಿಗೆ ಬರತೊಡಗಿದರು.

ಐದನೇ ಶೋಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಊರಿಂದ ಬಂದು ತಿಂಗಳಾಗಿತ್ತು. ಇಂಗ್ಲಿಷ್ ಅಷ್ಟು ತಿಳಿಯೋದಿಲ್ಲ, ಕಥೆ ಮೊದಲೇ ಹೇಳಿದ್ದೆ. ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ತೋಟಕ್ಕೆ ಬರ್ತಿದ್ದವನ ಲೋಟ ಹಿತ್ತಲ ಕಟ್ಟೆ ಮೇಲೆ ಇಟ್ಟಿರ್ತಿದ್ವಿ. ನನ್ನನ್ನ ಎತ್ತಿ ಆಡಿಸ್ದೋನು ಅವನು. ಹೆಸರೇ ನೆನಪಾಗ್ತಿಲ್ಲ ಕಣೇ" ಅಂದಳು.

ಮನೆಗೆ ಬಂದವಳೇ ಊರಿಗೆ ಫೋನ್ ಹಚ್ಚಿದಳು. ಅಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ದೊಡ್ಡಮ್ಮನಿಗೂ ನೆನಪಿರಲಿಲ್ಲ.