ಮೊದಲು ಚೀಟಿ, ಆಮೇಲೆ ಆ್ಯಪ್

ಬಿಪಿ ಇರೋರ ಫೋನಿಗೆ ಬಿಪಿ ನಂಬರ್ ಬರೆದಿಡೋ ಆ್ಯಪ್ ಹಾಕಿಕೊಟ್ಟರೆ ಹದಿನೈದು ದಿನಕ್ಕೆ ಡಿಲೀಟ್ ಆಗಿರುತ್ತೆ, ಹಳ್ಳಿಯವರಿಗೆ ಇದೆಲ್ಲ ಒಗ್ಗೋಲ್ಲ ಅಂತ ಮೀಟಿಂಗ್‌ಗಳಲ್ಲಿ ಕೇಳಿದ್ದೇ ಕೇಳಿದ್ದು. ಫೋನ್ ಬರಲ್ಲ ಅಂತಲ್ಲ, ಯೂಟ್ಯೂಬು, ಫೋನ್‌ಪೇ ಎಲ್ಲ ಸಲೀಸು. 150/95 ಅಂದರೆ ಏನಂತಲೇ ತಿಳಿಯದಿದ್ದರೆ ಅದನ್ನು ಬರೆದಿಡೋಕೆ ಆ್ಯಪ್ ಯಾಕೆ ಬೇಕು?

ಅದಕ್ಕೆ ಮೊದಲ ತಿಂಗಳು ಆ್ಯಪ್ ಸುದ್ದಿಯೇ ಎತ್ತಲ್ಲ. ಒಂದು ಜೆರಾಕ್ಸ್ ಚೀಟಿ: ತಾರೀಕು, ಬಿಪಿಯ ಎರಡು ನಂಬರಲ್ಲಿ ಮೇಲಿನದು, ಕೆಳಗಿನದು, ಮಾತ್ರೆ ತಗೊಂಡಿರಾ ಇಲ್ವಾ. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಕೆಂಪು ಪೆನ್ನಲ್ಲಿ ಸುತ್ತು. ಸುತ್ತನ್ನು ಅವರೇ ಹಾಕಬೇಕು, ನಾವಲ್ಲ. 'ಮಾತ್ರೆ ತಪ್ಪಿದ ವಾರವೇ ಕೆಂಪು ಜಾಸ್ತಿ ಅಲ್ವಾ ಸಿಸ್ಟರ್' ಅಂತ ಅವರ ಬಾಯಲ್ಲೇ ಬಂದ ದಿನ ಆ್ಯಪ್ ಹಾಕೋದು. ಮೊದಲೆಲ್ಲ ಹತ್ತರಲ್ಲಿ ಒಬ್ಬಿಬ್ಬರು ಉಳಿಯುತ್ತಿದ್ದರು. ಈಗ ಮೂರು ತಿಂಗಳಾದರೂ ಆರೇಳು ಜನ ನಂಬರ್ ಹಾಕ್ತಿರ್ತಾರೆ.

ದೊಡ್ಡ ಎಡವಟ್ಟು ಮಶೀನಿನ ಮೂರನೇ ನಂಬರಿನದು. 148, 96, ಅದರ ಕೆಳಗೆ ನಾಡಿ ಬಡಿತ 74. 'ಕೆಳಗಿನದು' ಅಂದರೆ ತೀರಾ ಕೆಳಗಿನದೇ ಅಂದುಕೊಂಡು 148/74 ಅಂತ ಹಾಕಿಬಿಡ್ತಾರೆ, 96 ಮುಚ್ಚಿಹೋಗುತ್ತೆ. ನಾಡಿ ಕಾಣೋ ಜಾಗಕ್ಕೆ ಬಿಳಿ ಪ್ಲಾಸ್ಟರ್ ಅಂಟಿಸಿ, ತಾಪತ್ರಯ ಮುಗೀತು. ರಟ್ಟೆ ದಪ್ಪ ಇರೋರಿಗೆ ಮಶೀನ್ ಜೊತೆ ಬರೋ ಕಫ್ (ರಟ್ಟೆಗೆ ಸುತ್ತೋ ಪಟ್ಟಿ) ಬೇಡ. ಸಾಮಾನ್ಯವಾಗಿ ಅದು 22ರಿಂದ 32 ಸೆಂ.ಮೀ. ಸುತ್ತಳತೆಗೆ ಮಾತ್ರ, ಬಿಗಿಯಾದರೆ ಬಿಪಿ ಸುಮ್ಮನೆ ಜಾಸ್ತಿ ತೋರಿಸುತ್ತೆ, ಜನ ಹೆದರಿ ಆ್ಯಪನ್ನೇ ಮುಚ್ಚಿಡ್ತಾರೆ.

ಶುಗರ್‌ನಿಂದ ಶುರು ಮಾಡಿ ನೋಡಿದ್ದೂ ಆಯ್ತು, ಕೈಗೆ ಹತ್ತಲಿಲ್ಲ. ಶುಗರ್ ನೋಡೋ ಒಂದೊಂದು ಸ್ಟ್ರಿಪ್‌ಗೆ ಹದಿನೈದು, ಇಪ್ಪತ್ತು ರೂಪಾಯಿ. ಮೂರನೇ ವಾರಕ್ಕೆ ಚುಚ್ಚಿಕೊಳ್ಳೋದೇ ನಿಲ್ಲುತ್ತೆ, ಆ್ಯಪ್ ಖಾಲಿ. ಬಿಪಿ ಮಶೀನಿಗೆ ಒಂದೇ ಸಲ ಒಂದೂವರೆ, ಎರಡು ಸಾವಿರ. ನಾಲ್ಕೈದು ಮನೆಯವರು ಸೇರಿಕೊಂಡರೂ ನಡೆಯುತ್ತೆ. ಸೆಲ್ ಖರ್ಚು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ, ಜಗಳ ಆಗೋದೇ ಅಲ್ಲಿ.

ಆ್ಯಪ್ ಹಾಕುವಾಗ ಬರೋ ಓಟಿಪಿ ಬೆಂಗಳೂರಲ್ಲಿರೋ ಮಗನ ಫೋನಿಗೆ ಹೋಗೋ ಮನೆಗಳಿಗೆ ಭಾನುವಾರ ಹೋಗಿ. ಸರ್ಕಾರದ ಆರೋಗ್ಯ ಖಾತೆಯ ಆಭಾ ನಂಬರನ್ನೂ ಅವತ್ತೇ ಮಾಡಿಸೋಕೆ ಹೋಗಬೇಡಿ. ಆಧಾರ್‌ಗೆ ಲಿಂಕ್ ಆಗಿರೋ ಸಿಮ್ ಹುಡುಕೋದರಲ್ಲೇ ಹೊತ್ತು ಮುಳುಗುತ್ತೆ. ಎಲ್ಲ ಆದಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದೇ ಏಳಿ, ಇಲ್ಲದಿದ್ದರೆ ಕಡಿಮೆ ಬೆಲೆಯ ಫೋನುಗಳಲ್ಲಿ ಮಾತ್ರೆಯ ಅಲಾರಂ ಎರಡೇ ದಿನಕ್ಕೆ ಬಂದ್.