ಟ್ಯಾಂಕಿಗೆ ಎಷ್ಟು ನೀರು? ಪುಣೆಯಲ್ಲಿ ನಾನು ಹಾಕುವ ಲೆಕ್ಕ

ಪುಣೆಯ ಬಾಣೇರ್, ವಾಕಡ್, ಹಿಂಜವಡಿ ಕಡೆ ನಾನು ಕಿಟಕಿ ಗಾಜು ತೊಳೆಯುವ ಕೆಲಸ ಮಾಡುತ್ತೇನೆ. ಉದ್ದನೆಯ ಪೋಲ್, ತುದಿಯಲ್ಲಿ ಬ್ರಷ್, ಪೈಪಿನಲ್ಲಿ ಶುದ್ಧ ನೀರು. ಗಡಸು ನೀರು ಬಳಸಿದರೆ ಗಾಜು ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಈ ಕಡೆ ಎಷ್ಟೋ ಸೊಸೈಟಿಗಳಿಗೆ ಬರೋದು ಬೋರ್ ಅಥವಾ ಟ್ಯಾಂಕರ್ ನೀರು. ಹಾಗಾಗಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, ಸೊನ್ನೆಯ ಹತ್ತಿರ ಇಳಿಸಿದ ನೀರನ್ನು ನಾವೇ ವ್ಯಾನಿನಲ್ಲಿ ಒಯ್ಯಬೇಕು.

ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. 400 ಲೀಟರ್ ಟ್ಯಾಂಕ್ ಗಾಡಿಯೊಳಗೆ ಆರಾಮಾಗಿ ಕೂರುತ್ತದೆ, ನಿಜ. ಆದರೆ ಗಾಡಿ ಅಷ್ಟು ಹೊರಬಲ್ಲದೇ ಅನ್ನೋದು ಬೇರೆ ಪ್ರಶ್ನೆ.

ಉತ್ತರ ಆರ್‌ಸಿಯಲ್ಲಿದೆ. ಅಲ್ಲಿ ಗಾಡಿಯ ಖಾಲಿ ತೂಕವೂ ಒಟ್ಟು ತೂಕದ ಮಿತಿಯೂ ಇರುತ್ತವೆ. ಒಟ್ಟು 1,500 ಕೆಜಿ, ಖಾಲಿ 900 ಎಂದಿಟ್ಟುಕೊಳ್ಳಿ. ಉಳಿದದ್ದು 600. ಅದಷ್ಟೂ ನೀರಿಗೆ ಅಲ್ಲ. ಓಡಿಸುವವನು, ಜೊತೆಗಿನ ಹುಡುಗ, ಇಬ್ಬರ ತೂಕವೂ ಇದರಲ್ಲೇ ಸೇರಬೇಕು. ಟ್ಯಾಂಕು, ಅದರ ಕಬ್ಬಿಣದ ಫ್ರೇಮು, ಪಂಪು, ಬ್ಯಾಟರಿ, ರೀಲು, ಏಣಿ, ಬಕೆಟ್ಟು ಎಲ್ಲ ಸೇರಿ ಸುಲಭವಾಗಿ 200 ಕೆಜಿ ಆಗಬಹುದು. ನೀರಿಗೆ ಉಳಿಯೋದು 250ರ ಆಸುಪಾಸು, ಅಷ್ಟೇ.

ನಾನು ಅಂದಾಜನ್ನು ನಂಬುವುದಿಲ್ಲ. ಟ್ಯಾಂಕ್ ಖಾಲಿ ಇಟ್ಟು, ಮಿಕ್ಕ ಸಾಮಾನೆಲ್ಲ ಹೇರಿ, ಇಂಧನ ತುಂಬಿಸಿ, ಇಬ್ಬರೂ ಕೂತು ವಜನ್ ಕಾಟಾ ಮೇಲೆ ಹೋಗುತ್ತೇವೆ. ಆರ್‌ಸಿಯ ಮಿತಿಯಲ್ಲಿ ಆ ತೂಕ ಕಳೆದರೆ ಸಿಗೋದೇ ನೀರಿನ ಲೆಕ್ಕ. ಲಾರಿ ತೂಗುವ ದೊಡ್ಡ ಕಾಟಾಗಳು 5 ಅಥವಾ 10 ಕೆಜಿ ಅಂತರದಲ್ಲಿ ತೋರಿಸುತ್ತವೆ. ಅದಕ್ಕಾಗಿ ಒಂದಿಷ್ಟು ಬಿಟ್ಟೇ ಟ್ಯಾಂಕಿನ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಹೊಸ ಸಾಮಾನು ಬಂದರೆ ಮತ್ತೆ ತೂಗಿಸಿ ಗೆರೆಯನ್ನು ಕೆಳಗಿಳಿಸುತ್ತೇನೆ. ಹಿಂದಿನ ಚಕ್ರಗಳನ್ನಷ್ಟೇ ಕಾಟಾ ಮೇಲೆ ನಿಲ್ಲಿಸಿ ಹಿಂದಿನ ಆಕ್ಸಲ್ ತೂಕವನ್ನೂ ನೋಡುತ್ತೇನೆ. ಟ್ಯಾಂಕ್ ತೀರಾ ಹಿಂದಕ್ಕಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ.

ನನಗೆ ಹೆಚ್ಚು ಭಯ ಇರೋದು ಅರ್ಧ ತುಂಬಿದ ಟ್ಯಾಂಕಿನದ್ದು. ಬ್ರೇಕ್ ಒತ್ತಿದಾಗ ನೀರೆಲ್ಲ ಒಮ್ಮೆಲೇ ಮುಂದಕ್ಕೆ ನುಗ್ಗುತ್ತದೆ. ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಬರುವ ಇಳಿಜಾರು ಎಂಥದ್ದು ಅಂತ ಬೆಳಗಾವಿ ಕಡೆಯಿಂದ ಬರುವವರಿಗೆಲ್ಲ ಗೊತ್ತು. ಅಲ್ಲಿ ಅಪಘಾತ ಆಗ್ತಾನೇ ಇರುತ್ತವೆ. ಒಳಗೆ ಅಡ್ಡ ತಡೆಗಳಿರುವ ಟ್ಯಾಂಕನ್ನೇ ತೆಗೆದುಕೊಳ್ಳಿ. ಫ್ರೇಮನ್ನು ಪ್ಲೈವುಡ್ಡಿಗಲ್ಲ, ಚಾಸಿಗೇ ಬೋಲ್ಟ್ ಮಾಡಿಸಿ. ಇದರಲ್ಲಿ ಮಾತ್ರ ದಯವಿಟ್ಟು ದುಡ್ಡು ಉಳಿಸಬೇಡಿ.

ದಂಡವೂ ಸಣ್ಣದಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ. ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000.

“ಅಣ್ಣಾ, 250 ಲೀಟರ್ ಸಾಕಾಗುತ್ತಾ?” ಅಂತ ಹುಡುಗರು ಕೇಳುತ್ತಾರೆ. ಒಂದು ಪೋಲ್ ನಿಮಿಷಕ್ಕೆ ಸುಮಾರು 2 ಲೀಟರ್ ಕುಡಿದರೂ ಎರಡು ಗಂಟೆ ಬಿಡದೆ ಕೆಲಸ ನಡೆಯುತ್ತದೆ. ಜಾಸ್ತಿ ಬೇಕಾದ ಕಡೆ ನೀರಿನ ಲವಣ ಹೀರುವ ರೆಸಿನ್ ಹರಳು ತುಂಬಿದ ಸಿಲಿಂಡರ್ ಒಯ್ದು, ಸೊಸೈಟಿಯ ನಲ್ಲಿ ನೀರನ್ನೇ ಅಲ್ಲಿ ಶುದ್ಧ ಮಾಡಿಕೊಳ್ಳುತ್ತೇವೆ. ಗಡಸು ನೀರಿಗೆ ರೆಸಿನ್ ಬೇಗ ಮುಗಿಯುತ್ತದೆ, ಖರ್ಚು ಬರುತ್ತದೆ. ಆ ಖರ್ಚನ್ನು ನಾನು ಮೊದಲೇ ರೇಟಿನಲ್ಲಿ ಸೇರಿಸಿ ಹೇಳಿಬಿಡುತ್ತೇನೆ.