ಆ್ಯಪ್ ರೆಡಿ, ಇಮೇಲ್ ಹೋಗುತ್ತಿಲ್ಲವೇ? ಒಪ್ಪಿಗೆ ಪಡೆಯುವುದು ಹೀಗೆ

ಬೀದರ್‌ನ ಬಿದ್ರಿ ಅಂಗಡಿಯೊಂದಕ್ಕೆ ಆ್ಯಪ್ ಮಾಡಿದ್ದೀರಿ ಎಂದುಕೊಳ್ಳಿ. ಪುಣೆಯ ಗಿರಾಕಿ ಹೂದಾನಿ ಆರ್ಡರ್ ಮಾಡಿದರೆ ರಸೀದಿ ತಾನಾಗಿಯೇ ಇಮೇಲ್‌ಗೆ ಹೋಗಬೇಕು. ಇದಕ್ಕೆಂದೇ ಅಮೆಜಾನ್ ಎಸ್‌ಇಎಸ್‌ (ಸಿಂಪಲ್ ಇಮೇಲ್ ಸರ್ವಿಸ್) ನಂಥ ಸೇವೆಗಳಿವೆ. ಆದರೆ ಅಲ್ಲಿ ಹೊಸ ಖಾತೆ ‘ಸ್ಯಾಂಡ್‌ಬಾಕ್ಸ್’ನಲ್ಲಿರುತ್ತದೆ. 24 ಗಂಟೆಗೆ 200 ಮೇಲ್, ಅದೂ ನೀವು ಮೊದಲೇ ವೆರಿಫೈ ಮಾಡಿದ ವಿಳಾಸಗಳಿಗೆ ಮಾತ್ರ. ಪುಣೆಯವರಿಗೆ ರಸೀದಿ ಹೋಗುವುದೇ ಇಲ್ಲ! ಸ್ಪ್ಯಾಮ್ ಕಳಿಸುವವರ ಕಾಟಕ್ಕೆ ಹಾಕಿದ ಬೇಲಿ ಇದು. ದಾಟಲು ಅರ್ಜಿ ಹಾಕಬೇಕು.

ಮೊದಲು ಡೊಮೇನ್

ಡೊಮೇನ್ ಎಂದರೆ ನಿಮ್ಮ ವೆಬ್‌ಸೈಟ್ ಹೆಸರು. ಅದು ನಿಮ್ಮದೇ ಎಂದು ತೋರಿಸಲು ಸೇವೆಯವರು ಮೂರು ಸಿನೇಮ್ (CNAME) ದಾಖಲೆ ಕೊಡುತ್ತಾರೆ. ಅವನ್ನು ನಿಮ್ಮ ಡೊಮೇನ್‌ನ ಡಿಎನ್‌ಎಸ್ ಪುಟದಲ್ಲಿ (ಡೊಮೇನ್‌ನ ದಾಖಲೆಗಳನ್ನು ಇಡುವ ಜಾಗ) ಸೇರಿಸಿ. ಮೇಲ್ ನಿಮ್ಮದೇ ಎಂದು ತೋರಿಸುವ ಡಿಕೆಐಎಂ ಸಹಿ ಇದರಿಂದಲೇ ಕೆಲಸ ಮಾಡುವುದು. ಇಲ್ಲೊಂದು ಎಡವಟ್ಟು ಜಾಸ್ತಿ ಆಗುತ್ತದೆ. ಕೆಲವು ಡಿಎನ್‌ಎಸ್ ಪುಟಗಳು ಹೆಸರಿನ ಕೊನೆಗೆ ಡೊಮೇನನ್ನು ತಾವೇ ಅಂಟಿಸುತ್ತವೆ. ನೀವೂ ಪೂರ್ತಿ ಹೆಸರು ಪೇಸ್ಟ್ ಮಾಡಿದರೆ ಡೊಮೇನ್ ಎರಡು ಸಲ ಬರುತ್ತದೆ, ವೆರಿಫೈ ಆಗುವುದೇ ಇಲ್ಲ. ಸೇವ್ ಮಾಡಿದ ಮೇಲೆ ಒಮ್ಮೆ ಕಣ್ಣಾಡಿಸಿ. ನಿಮ್ಮ ಹೆಸರಲ್ಲಿ ಬರುವ ನಕಲಿ ಮೇಲ್‌ಗಳನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ದಾಖಲೆಯನ್ನೂ ಈಗಲೇ ಹಾಕಿಬಿಡಿ.

ರೀಜನ್ (ಅಮೆಜಾನ್‌ನ ಸರ್ವರ್‌ಗಳಿರುವ ಪ್ರದೇಶ) ಕೂಡ ನೋಡಿಕೊಳ್ಳಿ. ಒಪ್ಪಿಗೆ ಆಯಾ ರೀಜನ್‌ಗೆ ಮಾತ್ರ. ಆ್ಯಪ್ ಮುಂಬೈ ರೀಜನ್‌ನಿಂದ ಕಳಿಸುವುದಾದರೆ ಅರ್ಜಿಯೂ ಅಲ್ಲಿಂದಲೇ ಹೋಗಲಿ.

ವೆಬ್‌ಸೈಟ್

ಅರ್ಜಿಯಲ್ಲಿ ವೆಬ್‌ಸೈಟ್ ವಿಳಾಸ ಕೇಳುತ್ತಾರೆ. ‘ಶೀಘ್ರದಲ್ಲೇ ಬರಲಿದೆ’ ಎಂಬ ಒಂದೇ ಪುಟ ಇದ್ದರೆ ಯಾರು ನಂಬುತ್ತಾರೆ? ಅಂಗಡಿಯ ವಿಳಾಸ, ಫೋನ್ ನಂಬರ್, ಪ್ರೈವಸಿ ಪಾಲಿಸಿ ಇರಲಿ. ಸಾಕು.

ಅಸಲಿ ವಿಷಯ: ಏನು ಬರೆಯಬೇಕು?

ರಸೀದಿ, ಪಾಸ್‌ವರ್ಡ್ ಲಿಂಕ್‌ಗಳಾದರೆ ‘ಟ್ರಾನ್ಸಾಕ್ಷನಲ್’ ಆಯ್ಕೆ ಮಾಡಿ. ಆಫರ್‌ಗಳಾದರೆ ‘ಮಾರ್ಕೆಟಿಂಗ್’. ಉಳಿದ ವಿವರವನ್ನು ಫಾರ್ಮ್‌ನಲ್ಲೋ ಆಮೇಲೆ ಬರುವ ಉತ್ತರದಲ್ಲೋ ಕೇಳುತ್ತಾರೆ. ‘ನಮ್ಮ ಗ್ರಾಹಕರಿಗೆ ಮೇಲ್ ಕಳಿಸಬೇಕು, ಅನುಮತಿ ಕೊಡಿ’ ಎಂದಷ್ಟೇ ಬರೆದರೆ ಸಾಲದು. ನನ್ನ ಪ್ರಕಾರ ಅವರಿಗೆ ಬೇಕಿರುವುದು ಎರಡೇ ಸಂಗತಿ: ವಿಳಾಸಗಳು ಎಲ್ಲಿಂದ ಬಂದವು, ಮೇಲ್ ಬೇಡ ಎಂದವರನ್ನು ಏನು ಮಾಡುತ್ತೀರಿ. ಇಂಗ್ಲಿಷಿನಲ್ಲೇ ಬರೆಯಿರಿ, ವ್ಯಾಕರಣಕ್ಕೆ ಅಂಜಬೇಡಿ. ಒಳಗಿನ ವಿಷಯ ಹೀಗಿರಲಿ:

‘ಆ್ಯಪ್‌ನಲ್ಲಿ ಖಾತೆ ತೆರೆದು, ಇಮೇಲ್ ಖಚಿತಪಡಿಸಿದವರಿಗೆ ಮಾತ್ರ ಕಳಿಸುತ್ತೇವೆ. ಆರ್ಡರ್ ಒಂದಕ್ಕೆ ಎರಡು ಮೇಲ್: ರಸೀದಿ, ಪಾರ್ಸೆಲ್ ಮಾಹಿತಿ. ದಿನಕ್ಕೆ ಸುಮಾರು 100 ಮೇಲ್. ವಿಳಾಸ ಪಟ್ಟಿ ಕೊಂಡಿಲ್ಲ, ಕೊಳ್ಳುವುದಿಲ್ಲ. ಬೌನ್ಸ್ ಆದ, ದೂರು ಬಂದ ವಿಳಾಸಕ್ಕೆ ಆ್ಯಪ್ ಮತ್ತೆ ಕಳಿಸುವುದಿಲ್ಲ.’

ಬೌನ್ಸ್ ಎಂದರೆ ಮೇಲ್ ತಲುಪದೆ ವಾಪಸ್ ಬರುವುದು; ದೂರು ಎಂದರೆ ಪಡೆದವರು ಅದನ್ನು ‘ಸ್ಪ್ಯಾಮ್’ ಎಂದು ಗುರುತು ಹಾಕುವುದು. ಜೊತೆಗೆ ರಸೀದಿಯ ಒಂದು ನಮೂನೆ ಸೇರಿಸಿ. ಕೊನೆಯ ಸಾಲನ್ನು ಬರೆಯುವ ಮುಂಚೆ ಆ್ಯಪ್‌ನಲ್ಲಿ ಅದನ್ನು ನಿಜಕ್ಕೂ ಮಾಡಿರಬೇಕು, ಅಲ್ವಾ? ಎಸ್‌ಇಎಸ್‌ನಲ್ಲಿ ಇದಕ್ಕೆಂದೇ ಮೇಲ್‌ಬಾಕ್ಸ್ ಸಿಮ್ಯುಲೇಟರ್ ಇದೆ. ಬೇಕೆಂದೇ ಬೌನ್ಸ್ ಆಗುವ ವಿಳಾಸ ಅದರಲ್ಲಿದೆ. ಕಳಿಸಿ ಪರೀಕ್ಷಿಸಿ.

ಸಾಮಾನ್ಯವಾಗಿ 24 ಗಂಟೆಯೊಳಗೆ ಮೊದಲ ಉತ್ತರ ಬರುತ್ತದೆ. ‘ಇಲ್ಲ’ ಎಂದರೆ ಇನ್ನೊಂದು ಖಾತೆ ತೆರೆಯಲು ಹೋಗಬೇಡಿ. ಅದೇ ಕೇಸ್‌ನಲ್ಲಿ ವಿವರ ಸೇರಿಸಿ ಮತ್ತೆ ಕೇಳಿ.

ಒಪ್ಪಿಗೆ ಸಿಕ್ಕ ಮೇಲೂ ಲೆಕ್ಕ ಇರುತ್ತದೆ. ಬೌನ್ಸ್ ಶೇ 5ರೊಳಗೆ, ದೂರು ಶೇ 0.1ರೊಳಗೆ ಇರಬೇಕು. ಬೌನ್ಸ್ ಶೇ 10 ದಾಟಿದರೆ ಮೇಲ್ ಕಳಿಸುವುದನ್ನೇ ತಡೆಹಿಡಿಯಬಹುದು. ಹಾಗಾಗಿ ಅಂಗಡಿಯ ಹಳೇ ವಹಿಯಲ್ಲಿರುವ ವಿಳಾಸಗಳಿಗೆಲ್ಲ ದೀಪಾವಳಿ ಆಫರ್ ಕಳಿಸೋಣ ಎಂದು ಮಾಲೀಕರು ಹೇಳಿದರೆ, ಬೇಡ ಎನ್ನಿ.